ಹಳೆಯ ಕ್ಯಾರವಾನಿನ ಬಿರುಕು: ಗ್ಯಾರೇಜಿನ ಕೆಲಸ, ಲೆಕ್ಕಪತ್ರದ ಪ್ರಶ್ನೆ

ಕುಂದಗೋಳ ತಾಲೂಕು ಎರೆಭೂಮಿಯ ಸೀಮೆ. ಹತ್ತಿ, ಶೇಂಗಾ, ಬ್ಯಾಡಗಿ ತಳಿಯ ಮೆಣಸಿನಕಾಯಿಗಳನ್ನು ಕೊಡುವ ಇಲ್ಲಿಯ ಕರಿಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಕುಗ್ಗುತ್ತದೆ. ಇಂಥ ನೆಲದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಡಾಂಬರು ಹಾಕಿದರೂ ಕೆಲವು ವರ್ಷಗಳಲ್ಲಿ ರಸ್ತೆ ಅಲೆಅಲೆಯಾಗುವುದು ಸಹಜ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಅಲ್ಲಿಂದ ಸಂಶಿ, ಗುಡಗೇರಿಗಳತ್ತ ಗಾಡಿ ಓಡಿಸುವ ಯಾವ ಚಾಲಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಗಾಲಿ ಉಬ್ಬಿನ ಮೇಲಿದ್ದಾಗ ಎದುರು ಬದಿಯ ಗಾಲಿ ತಗ್ಗಿನಲ್ಲಿರುತ್ತದೆ. ಚಾಸಿ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಲಾರಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ, ಏಕೆಂದರೆ ಲಾರಿಯ ಚಾಸಿಯನ್ನು ಅಷ್ಟು ಬಾಗಲೆಂದೇ ಮಾಡಿರುತ್ತಾರೆ. ಆದರೆ ಅದೇ ಚಾಸಿಯ ಮೇಲೆ ಕಿಟಕಿ, ಬಾಗಿಲು, ಮಂಚ, ಒಲೆ, ನೀರಿನ ತೊಟ್ಟಿ ಇರುವ ಒಂದು ಪೆಟ್ಟಿಗೆಯನ್ನು ಕೂರಿಸಿದಾಗ ಆ ತಿರುಚನ್ನೆಲ್ಲ ಪೆಟ್ಟಿಗೆಯ ಮೈ ಹೊರಬೇಕಾಗುತ್ತದೆ. ಎಲ್ಲಿಯೋ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ.

ಮಲಗಲು, ಉಣ್ಣಲು, ಅಡುಗೆ ಮಾಡಲು ಅನುಕೂಲವಿರುವ ಇಂಥ ವಾಹನಕ್ಕೆ ಹೊರನಾಡುಗಳಲ್ಲಿ ಮೋಟರ್ ಹೋಮ್ ಎಂಬ ಹೆಸರಿದೆ. ನಮ್ಮಲ್ಲಿ ಕ್ಯಾರವಾನ್ ಎಂಬ ಮಾತು ರೂಢಿಗೆ ಬಂದಿದೆ. ಹೆಸರು ಹೊಸದಾದರೂ ಸಂಗತಿ ಈ ಭಾಗದ ಜನರಿಗೆ ಹೊಸದಲ್ಲ. ಪಂಢರಪುರ, ತಿರುಪತಿ, ಧರ್ಮಸ್ಥಳಗಳ ಯಾತ್ರೆಗೆ ಅಡುಗೆಯವನು, ಪಾತ್ರೆಪಗಡ, ಗ್ಯಾಸಿನ ಒಲೆ, ಹಾಸಿಗೆ ಸುರುಳಿಗಳ ಸಮೇತ ಹೊರಡುವ ಬಾಡಿಗೆ ಬಸ್ಸು ಒಂದು ಬಗೆಯ ಸಂಚಾರಿ ಮನೆಯೇ ಆಗಿತ್ತು. ಚಿತ್ರೀಕರಣದ ಸ್ಥಳಗಳಲ್ಲಿ ನಟರಿಗೆ, ಚುನಾವಣೆಯ ದಿನಗಳಲ್ಲಿ ನಾಯಕರಿಗೆ ಒದಗುವ ಸಜ್ಜುಗೊಂಡ ವಾಹನಗಳೂ ಇದೇ ವರ್ಗದವು. 2020ರ ಕರ್ನಾಟಕ ಪ್ರವಾಸೋದ್ಯಮ ನೀತಿಯು ಕ್ಯಾರವಾನ್ ಪ್ರವಾಸವನ್ನು ಪ್ರೋತ್ಸಾಹಿಸಬೇಕಾದ ಬಗೆಗಳಲ್ಲಿ ಸೇರಿಸಿತು. 2021ರಲ್ಲಿ ಕೇರಳವು ಅದಕ್ಕಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಇಂಥ ವಾಹನಗಳು ಎರಡನೆಯ, ಮೂರನೆಯ ಕೈಗೆ ಬಂದಾಗ ಅವುಗಳ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಮೈ ಮಾತ್ರ ಸೀಳಿರುತ್ತದೆ. ಕೊಂಡವನು ಬಾಡಿಗೆಗೆ ಬಿಡಬೇಕೆಂದು ಕೊಂಡಿರುತ್ತಾನೆ. ಬಿರುಕು ಬಿಟ್ಟ ಗಾಡಿಯನ್ನು ಗಿರಾಕಿ ಒಪ್ಪುವುದಿಲ್ಲ. ಆಗ ಮೊದಲು ನೆನಪಾಗುವುದು ಪುಟ್ಟಿಯ ಡಬ್ಬಿ.

ಈ ಪುಟ್ಟಿಯ ವಿಷಯದಲ್ಲಿಯೇ ಹೇಳಬೇಕಾದುದು ಹೆಚ್ಚಿದೆ. ಬಿರುಕನ್ನು ಮರೆಮಾಡುವುದು ಒಂದು ಕೆಲಸ, ದುರಸ್ತಿ ಮಾಡುವುದು ಇನ್ನೊಂದು ಕೆಲಸ. ಎರಡಕ್ಕೂ ಬಣ್ಣ ಬಳಿದ ದಿನ ಒಂದೇ ರೂಪ. ಮೂರು ತಿಂಗಳ ನಂತರ ರೂಪ ಬೇರೆಯಾಗುತ್ತದೆ. ವರ್ಷದ ಕೊನೆಗೆ ಲೆಕ್ಕವೂ ಬೇರೆಯಾಗುತ್ತದೆ.

ಬಿರುಕು ಎಲ್ಲಿಂದ ಬಂತು

ಬಿರುಕು ಇರುವ ಜಾಗವೇ ಅದರ ಕಾರಣವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಅದು ಚಾಸಿಯ ತಿರುಚಿನ ಫಲ. ಚೌಕಾಕಾರದ ತೆರಪಿನ ಚೂಪು ಮೂಲೆಯಲ್ಲಿ ಒತ್ತಡವೆಲ್ಲ ಬಂದು ನೆಲೆಸುತ್ತದೆ. ಮೂಲೆಯನ್ನು ದುಂಡಗೆ ಕತ್ತರಿಸಿದ್ದರೆ ಅದು ಹರಡಿಕೊಳ್ಳುತ್ತಿತ್ತು. ಸ್ಕ್ರೂ ಅಥವಾ ರಿವೆಟ್ಟಿನ ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಒಡೆದಿದ್ದರೆ ಬಿಗಿಯುವಾಗಲೇ ತಪ್ಪಾಗಿದೆ. ಉದ್ದನೆಯ ಫಲಕದ ನಡುವೆ ಅಡ್ಡಲಾಗಿ ಸೀಳಿದ್ದರೆ ಹಿಂದಿನ ಆಧಾರ ಕಳಚಿರುವ ಸಂಭವ ಹೆಚ್ಚು. ಜೇಡರ ಬಲೆಯಂತೆ ಮೇಲ್ಪದರದಲ್ಲಿ ಮಾತ್ರ ಸಣ್ಣ ಗೆರೆಗಳಿದ್ದರೆ ಅದು ಬಿಸಿಲಿಗೆ ಬಳಲಿದ ಜೆಲ್‌ಕೋಟ್ ಇರಬಹುದು, ಅಥವಾ ಒಳಗಿನಿಂದ ಬಿದ್ದ ಪೆಟ್ಟಿನ ಗುರುತಿರಬಹುದು. ಮೊದಲನೆಯದು ಚರ್ಮದ ಕಾಯಿಲೆ, ಎರಡನೆಯದು ಎಲುಬಿನದು.

ಬಿಗಿಯುವ ಮಾತು ಬಂದುದರಿಂದ ಒಂದು ಲೆಕ್ಕವನ್ನು ಇಲ್ಲಿ ಕೊಡುವುದು ಉಪಯುಕ್ತ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಪ್ರತಿ ಮೀಟರಿಗೆ ಸುಮಾರು 0.09 ಮಿ.ಮೀ. ಹಿಗ್ಗುತ್ತದೆ, ಉಕ್ಕು ಹಿಗ್ಗುವುದು ಸುಮಾರು 0.012 ಮಿ.ಮೀ. ಮಾತ್ರ. ಚಳಿಗಾಲದ ಮುಂಜಾವಿನ 20 ಡಿಗ್ರಿಯಿಂದ ನಡುಹಗಲಿನ ಬಿಸಿಲಿಗೆ ಕಾದ ಮೈಯ 55 ಡಿಗ್ರಿಯವರೆಗೆ, ಅಂದರೆ 35 ಡಿಗ್ರಿಯ ಏರಿಳಿತದಲ್ಲಿ 2 ಮೀಟರ್ ಉದ್ದದ ಎಬಿಎಸ್ ಫಲಕ ಸುಮಾರು 6 ಮಿ.ಮೀ. ಬೆಳೆಯುತ್ತದೆ. ಅದರ ಹಿಂದಿನ ಉಕ್ಕಿನ ಚೌಕಟ್ಟು 1 ಮಿ.ಮೀ. ಕೂಡ ಬೆಳೆಯುವುದಿಲ್ಲ. ಈ ಎರಡನ್ನು ಎಂಟು ಹತ್ತು ಸ್ಕ್ರೂ ಹಾಕಿ ಅಲುಗಾಡದಂತೆ ಕಚ್ಚಿಸಿದರೆ ದಿನಕ್ಕೊಮ್ಮೆ ಅವು ಜಗಳವಾಡುತ್ತವೆ, ಸೋಲುವುದು ಪ್ಲಾಸ್ಟಿಕ್ಕು. ಭದ್ರವಾಗಲೆಂದು ಹೆಚ್ಚು ಸ್ಕ್ರೂ ಹೊಡೆಯುವ ನಮ್ಮ ರೂಢಿ ಇಲ್ಲಿ ತಿರುಗುಬಾಣವಾಗುತ್ತದೆ. ತೂತನ್ನು ಸ್ಕ್ರೂವಿಗಿಂತ ಎರಡು ಮೂರು ಮಿ.ಮೀ. ದೊಡ್ಡದಾಗಿ ಕೊರೆದು, ರಬ್ಬರ್ ವಾಷರ್ ಇಟ್ಟು, ಅಗಲ ತಲೆಯ ಸ್ಕ್ರೂವನ್ನು ಹದವಾಗಿ ಬಿಗಿದರೆ ಫಲಕಕ್ಕೆ ಜಾರಾಡಲು ಜಾಗ ಸಿಗುತ್ತದೆ. ಸ್ಕ್ರೂಗಳ ಬದಲು ಪಾಲಿಯುರಿಥೇನ್ ಅಂಟಿನ ದಪ್ಪ ಎಳೆಯ ಮೇಲೆ ಫಲಕವನ್ನು ಕೂರಿಸುವುದು ಇನ್ನೂ ಮೇಲು. ಆ ಅಂಟು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ.

ಕಾರಣ ಹುಡುಕದೆ ಬಿರುಕಿಗೆ ಕೈಹಾಕಿದವನು ಹಿಂದಿನ ಚೌಕಟ್ಟನ್ನು ನೋಡಿರುವುದಿಲ್ಲ. ಹಳೆಯ ಗಾಡಿಯಲ್ಲಿ ಬಿರುಕಿನ ಮೂಲಕ ಎರಡು ಮಳೆಗಾಲದ ನೀರು ಒಳಗೆ ಇಳಿದಿರುತ್ತದೆ. ಒಳಗಡೆ ಪ್ಲೈವುಡ್ ಮೆತ್ತಗಾಗಿರುತ್ತದೆ, ಉಕ್ಕಿನ ಚೌಕ ಕೊಳವೆಗಳು ತುಕ್ಕು ಹಿಡಿದಿರುತ್ತವೆ, ವೈರಿಂಗಿನ ಜೋಡಣೆಗಳು ಹಸಿರುಗಟ್ಟಿರುತ್ತವೆ. ಒಳಗೆ ಹುಳುಕು, ಹೊರಗೆ ತಳುಕು ಎಂಬ ಗಾದೆ ಇಂಥ ಗಾಡಿಗಾಗಿಯೇ ಹುಟ್ಟಿದಂತಿದೆ. ಆದುದರಿಂದ ಒಳಬದಿಯ ಹೊದಿಕೆಯನ್ನು ಬಿಚ್ಚಿ ನೋಡದೆ ಕೆಲಸದ ದರ ಹೇಳುವ ಗ್ಯಾರೇಜು, ಹಾಗೆ ಹೇಳಿದ ದರವನ್ನು ಒಪ್ಪುವ ಮಾಲೀಕ ಇಬ್ಬರೂ ಕಣ್ಣುಕಟ್ಟಿಕೊಂಡು ವ್ಯವಹಾರ ಮಾಡುತ್ತಿದ್ದಾರೆ.

ಫೈಬರೋ, ಪ್ಲಾಸ್ಟಿಕ್ಕೋ

ಮುಂದಿನ ಪ್ರಶ್ನೆ, ಫಲಕ ಯಾವುದರಿಂದ ಮಾಡಿದ್ದು ಎಂಬುದು. ಗ್ಯಾರೇಜಿನ ಮಾತಿನಲ್ಲಿ ತಗಡಲ್ಲದ್ದೆಲ್ಲ ಫೈಬರ್. ಈ ಉದಾಸೀನವೇ ಅರ್ಧ ದುರಸ್ತಿಗಳನ್ನು ಕೆಡಿಸುತ್ತದೆ. ಬಸ್ಸುಗಳ ಮುಂದಿನ ಹಿಂದಿನ ಮುಖಗಳು ಸಾಮಾನ್ಯವಾಗಿ ನಿಜವಾದ ಫೈಬರ್‌ಗ್ಲಾಸ್. ಅಂದರೆ ಗಾಜಿನ ನಾರಿನ ಚಾಪೆಗೆ ಪಾಲಿಯೆಸ್ಟರ್ ರೆಸಿನ್ ಉಣಿಸಿ ಅಚ್ಚಿನಲ್ಲಿ ಗಟ್ಟಿ ಮಾಡಿದ್ದು. ವಿದೇಶಿ ಮೂಲದ ಹಳೆಯ ಕ್ಯಾರವಾನುಗಳಲ್ಲಿ ಮೂಲೆಯ ಕವಚಗಳು, ಗಾಲಿಯ ಕಮಾನುಗಳು, ಹಿಂದಿನ ಬಂಪರುಗಳು ಹಲವು ಬಾರಿ ಎಬಿಎಸ್ ಪ್ಲಾಸ್ಟಿಕ್ಕಿನವು. ಪಕ್ಕದ ಗೋಡೆಗಳು ತೆಳು ಅಲ್ಯುಮಿನಿಯಂ ಹಾಳೆ ಇದ್ದರೂ ಇರಬಹುದು.

ಗುರುತಿಸುವುದು ಕಷ್ಟವಲ್ಲ. ಫಲಕದ ಹಿಂಬದಿಯಲ್ಲಿ ಒರಟಾದ ನಾರು ಕಂಡರೆ ಫೈಬರ್‌ಗ್ಲಾಸ್. ಎರಡೂ ಬದಿ ನಯವಾಗಿದ್ದರೆ ಪ್ಲಾಸ್ಟಿಕ್ಕು. ಅರದಿಂದ ಉಜ್ಜಿದಾಗ ಮೈ ತುರಿಸುವ ಬಿಳಿ ಪುಡಿ ಉದುರಿದರೆ ಫೈಬರ್‌ಗ್ಲಾಸ್, ಸುರುಳಿ ಸುರುಳಿಯಾಗಿ ಎದ್ದು ಬಂದರೆ ಪ್ಲಾಸ್ಟಿಕ್ಕು. ಮರೆಯಾದ ಜಾಗದಲ್ಲಿ ಒಂದು ಹನಿ ಅಸಿಟೋನ್ ಇಟ್ಟರೆ ಎಬಿಎಸ್ ಕೆಲವೇ ಕ್ಷಣಗಳಲ್ಲಿ ಅಂಟಂಟಾಗುತ್ತದೆ. ಗಟ್ಟಿಯಾದ ಪಾಲಿಯೆಸ್ಟರ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಕೆಲವು ಪ್ಲಾಸ್ಟಿಕ್ ಭಾಗಗಳ ಹಿಂದೆ ಅದರ ಹೆಸರಿನ ಅಕ್ಷರಗಳನ್ನೇ ಒತ್ತಿರುತ್ತಾರೆ.

ಈ ಭೇದ ಏಕೆ ಮುಖ್ಯವೆಂದರೆ ಫೈಬರ್‌ಗ್ಲಾಸಿನ ಪಾಲಿಯೆಸ್ಟರ್ ರೆಸಿನ್ ಎಬಿಎಸ್ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಕಲ್ಲಿನಂತೆ ಕಾಣುತ್ತದೆ, ಹತ್ತು ಸಲ ಗಾಡಿ ಅಲುಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಎಬಿಎಸ್ ಫಲಕವನ್ನು ಎಬಿಎಸ್‌ನಿಂದಲೇ ಸೇರಿಸಬೇಕು. ಬಿರುಕಿನ ಎರಡೂ ತುದಿಗಳನ್ನು ಹುಡುಕಿ ಅಲ್ಲಿ ಸುಮಾರು 3 ಮಿ.ಮೀ. ತೂತು ಕೊರೆದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಬಿರುಕಿನ ಉದ್ದಕ್ಕೂ ಗಾಡಿಯ ನೊಗದ ಗೀರಿನಂತೆ ಇಳಿಜಾರು ಕಾಲುವೆ ತೆಗೆದು, ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಅಂಬಲಿಯನ್ನು ತುಂಬುತ್ತಾರೆ; ಹಿಂಬದಿಗೆ ಎಬಿಎಸ್ ಹಾಳೆಯ ತೇಪೆ ಕೊಡುತ್ತಾರೆ. ಅಸಿಟೋನ್ ಪೂರ್ತಿ ಆರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಸಂಜೆಗೆ ಗಾಡಿ ಬೇಕೆನ್ನುವ ಮಾಲೀಕನಿಗೆ ಇದು ಹಿಡಿಸುವುದಿಲ್ಲ. ಅಂಥವರಿಗಾಗಿ ಎರಡು ಭಾಗ ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಅಂಟುಗಳು ಮಾರುಕಟ್ಟೆಯಲ್ಲಿವೆ. ಬೆಲೆ ಹೆಚ್ಚು, ಕೆಲಸ ಬೇಗ.

ಫೈಬರ್‌ಗ್ಲಾಸ್ ಕೆಲಸದ ಹದ

ಫೈಬರ್‌ಗ್ಲಾಸ್ ಫಲಕದ ಬಲ ಇರುವುದು ನಾರಿನಲ್ಲಿ. ಬಿರುಕು ಬಿಟ್ಟಿದೆ ಎಂದರೆ ನಾರು ಹರಿದಿದೆ. ಹರಿದ ನಾರಿನ ಜಾಗಕ್ಕೆ ನಾರನ್ನೇ ತುಂಬಬೇಕು. ಪುಟ್ಟಿ ಎಷ್ಟು ದಪ್ಪ ಮೆತ್ತಿದರೂ ಅದರಲ್ಲಿ ನಾರಿಲ್ಲ. ನುರಿತ ಕೆಲಸಗಾರರು ಬಿರುಕಿನ ಎರಡೂ ಬದಿಗೆ ಫಲಕವನ್ನು ಇಳಿಜಾರಾಗಿ ಉಜ್ಜುತ್ತಾರೆ. ದಪ್ಪದ ಹನ್ನೆರಡು ಪಟ್ಟು ಅಗಲ ಎಂಬುದು ಒಪ್ಪಿತ ಅಳತೆ. 3 ಮಿ.ಮೀ. ದಪ್ಪದ ಫಲಕಕ್ಕೆ ಒಂದೊಂದು ಬದಿಗೆ 36 ಮಿ.ಮೀ. ಇಳಿಜಾರು ಬೇಕಾಗುತ್ತದೆ. ಗೆರೆಯಷ್ಟಿದ್ದ ಬಿರುಕು ಈಗ ಅಂಗೈ ಅಗಲದ ಹಳ್ಳವಾಗಿ ಕಾಣುವುದರಿಂದ ಪಕ್ಕದಲ್ಲಿ ನಿಂತ ಮಾಲೀಕನ ಎದೆ ಒಡೆಯುತ್ತದೆ. ಕೆಲಸ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಅದೇ ಗುರುತು.

ಆನಂತರ ಒಳಬದಿಯಿಂದ ಎರಡು ಮೂರು ಪದರ ಚಾಪೆ, ಹೊರಬದಿಯ ಇಳಿಜಾರಿಗೆ ಮತ್ತೆ ಪದರಗಳು. ಚದರ ಮೀಟರಿಗೆ 450 ಗ್ರಾಂ ತೂಕದ ಚಾಪೆಗೆ ಅದರ ಸುಮಾರು ಎರಡೂವರೆ ಪಟ್ಟು ತೂಕದ ರೆಸಿನ್ ಬೇಕು. ಅರ್ಧ ಮೀಟರ್ ಉದ್ದ, 20 ಸೆಂ.ಮೀ. ಅಗಲದ ಜಾಗಕ್ಕೆ ಎರಡು ಪದರ ಹಾಕಿದರೆ ಚಾಪೆ 90 ಗ್ರಾಂ, ರೆಸಿನ್ 225 ಗ್ರಾಂ ಆಯಿತು. ರೋಲರಿನಿಂದ ಗಾಳಿಗುಳ್ಳೆಗಳನ್ನು ಒತ್ತಿ ಹೊರಗೆ ಹಾಕದಿದ್ದರೆ ಮುಂದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಎಲ್ಲ ಗಟ್ಟಿಯಾದ ಮೇಲೆ ಉಜ್ಜಿ, ತೆಳುವಾಗಿ ಪುಟ್ಟಿ ಎಳೆದು, ಪ್ರೈಮರ್ ಮತ್ತು ಬಣ್ಣ. ಪುಟ್ಟಿಯ ನ್ಯಾಯವಾದ ಜಾಗ ಇದು. ಮೈಯ ಏರುಪೇರು ಸಮ ಮಾಡುವುದಷ್ಟೇ ಅದರ ಉದ್ಯೋಗ.

ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರಿನ ಪ್ರಮಾಣ ತೂಕದಲ್ಲಿ ಶೇಕಡಾ 1ರಿಂದ 2. ಕಿಲೋ ರೆಸಿನಿಗೆ 10ರಿಂದ 20 ಗ್ರಾಂ. ಏಪ್ರಿಲ್ ತಿಂಗಳ ಧಗೆಯಲ್ಲಿ ಕಡಿಮೆ ಹಾಕಬೇಕು, ಇಲ್ಲವಾದರೆ ಹಚ್ಚುವ ಮೊದಲೇ ಡಬ್ಬಿಯಲ್ಲಿ ಹೆಪ್ಪುಗಟ್ಟಿ ಬಿಸಿಯೇರುತ್ತದೆ. ಆಷಾಢದ ತೇವದಲ್ಲಿ ಚಾಪೆಯೇ ನೀರು ಹೀರಿರುತ್ತದೆ. ಒಣಗಿಸದೆ ಬಳಸಿದರೆ ರೆಸಿನ್ ಹಾಲಿನಂತೆ ಬೆಳ್ಳಗಾಗಿ ಹಿಡಿತ ಬಿಡುತ್ತದೆ. ಕಣ್ಣಳತೆಯಲ್ಲಿ ಮುಚ್ಚಳಗಟ್ಟಲೆ ಸುರಿಯುವ ರೂಢಿಯನ್ನು ಬಿಟ್ಟು ಚಿನ್ನದಂಗಡಿಯವರಂತೆ ಸಣ್ಣ ತಕ್ಕಡಿ ಇಟ್ಟುಕೊಳ್ಳುವುದು ಗ್ಯಾರೇಜಿಗೆ ದೊಡ್ಡ ಖರ್ಚೇನಲ್ಲ.

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ನಮ್ಮ ಮಾರುಕಟ್ಟೆಯಲ್ಲಿ ರೆಸಿನ್, ಕೋಬಾಲ್ಟ್ ಮತ್ತು ಹಾರ್ಡನರ್ ಮೂರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಮಾರುವುದು ಉಂಟು. ಹಾರ್ಡನರ್ ಎಂದರೆ ಮೆಥಿಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಕೋಬಾಲ್ಟನ್ನು ಮೊದಲು ರೆಸಿನಿಗೆ ಬೆರೆಸಿ ಚೆನ್ನಾಗಿ ಕದಡಿದ ಮೇಲೆಯೇ ಹಾರ್ಡನರ್ ಹಾಕಬೇಕು. ಕೋಬಾಲ್ಟ್ ಮತ್ತು ಹಾರ್ಡನರುಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗುವ ಭಯವಿದೆ. ಎರಡು ಬಾಟಲಿಗಳನ್ನು ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಇಡುವುದು, ಕೆಲಸ ಕಲಿಯಲು ಬಂದ ಹುಡುಗನ ಕೈಗೆ ಕನ್ನಡಕವಿಲ್ಲದೆ ಅವನ್ನು ಕೊಡುವುದು ಯಾವ ಮಾಲೀಕನೂ ಮಾಡಬಾರದ ಕೆಲಸ. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಸರಿಯಾದ ಮಾಸ್ಕ್ ಬೇಕು.

ದರ ಕಟ್ಟುವ ಬಗೆ

ಮೇಲಿನ ಲೆಕ್ಕದಿಂದ ಒಂದು ಸಂಗತಿ ಗಮನಕ್ಕೆ ಬಂದಿರಬಹುದು. ಅರ್ಧ ಮೀಟರಿನ ಬಿರುಕಿಗೆ ತಗಲುವ ಸಾಮಾನು ತೂಕದಲ್ಲಿ ಅರ್ಧ ಕಿಲೋ ಕೂಡ ಇಲ್ಲ. ಬೆಲೆ ಇರುವುದೆಲ್ಲ ಕೈಕೆಲಸದಲ್ಲಿ, ಕಾಯುವ ಸಮಯದಲ್ಲಿ, ಗಾಡಿ ನಿಲ್ಲುವ ಜಾಗದಲ್ಲಿ. ಸಣ್ಣ ಗ್ಯಾರೇಜುಗಳು ಸಾಮಾನಿನ ಬೆಲೆಯನ್ನು ದುಪ್ಪಟ್ಟು ಮಾಡಿ ದರ ಹೇಳುವುದರಿಂದ ಒಳ್ಳೆಯ ಕೆಲಸ ಮಾಡಿದವನು ನಷ್ಟ ಅನುಭವಿಸುತ್ತಾನೆ, ಮುಂದಿನ ಬಾರಿ ಅವನೂ ಪುಟ್ಟಿಯ ಕಡೆಗೆ ವಾಲುತ್ತಾನೆ.

ಮಾಲೀಕನ ಕಡೆಯ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಅಂಕಿಗಳು ತಿಳಿವಳಿಕೆಗಾಗಿ ಕಲ್ಪಿಸಿಕೊಂಡವು. ಕುಂದಗೋಳದ ಒಬ್ಬ ವ್ಯಾಪಾರಿ ಹಳೆಯ ಕ್ಯಾರವಾನನ್ನು ದಿನಕ್ಕೆ 4,000 ರೂ.ಗೆ ಬಾಡಿಗೆಗೆ ಬಿಡುತ್ತಾನೆ ಎಂದಿಟ್ಟುಕೊಳ್ಳೋಣ. ಪುಟ್ಟಿ ಬಣ್ಣದ ಕೆಲಸಕ್ಕೆ 9,000 ರೂ., ಗಾಡಿ ಮೂರು ದಿನ ನಿಲ್ಲಬೇಕು. ಆರು ತಿಂಗಳಿಗೊಮ್ಮೆ ಬಿರುಕು ಮತ್ತೆ ಬಾಯ್ದೆರೆದರೆ ಮೂರು ವರ್ಷಗಳಲ್ಲಿ ಆರು ಬಾರಿ ಮಾಡಿಸಬೇಕು: ಖರ್ಚು 54,000 ರೂ., ತಪ್ಪಿದ ಬಾಡಿಗೆ 18 ದಿನಕ್ಕೆ 72,000 ರೂ., ಒಟ್ಟು 1,26,000 ರೂ. ಚೌಕಟ್ಟು ಬಿಚ್ಚಿ, ಕಾರಣ ಸರಿಪಡಿಸಿ, ನಾರು ತುಂಬಿ ಮಾಡುವ ಕೆಲಸಕ್ಕೆ 38,000 ರೂ., ಎಂಟು ದಿನ ನಿಂತ ಗಾಡಿಯ ಬಾಡಿಗೆ 32,000 ರೂ., ಒಟ್ಟು 70,000 ರೂ. ನಿಂತ ದಿನಗಳ ಬಾಡಿಗೆಯನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲವಾದುದರಿಂದ ಮೊದಲನೆಯದೇ ಅಗ್ಗವೆಂದು ತೋರುತ್ತದೆ.

ಫಲಕ ಚೂರುಚೂರಾಗಿದ್ದರೆ ಮಾತು ಬೇರೆ. ಹಳೆಯ ಮಾದರಿಗಳಿಗೆ ತಯಾರಕರಿಂದ ಬಿಡಿಭಾಗ ದೊರೆಯುವುದಿಲ್ಲ. ಇಲ್ಲಿ ಸಣ್ಣ ಉತ್ಪಾದಕರಿಗೆ ಅವಕಾಶವಿದೆ. ಅದೇ ಮಾದರಿಯ ಇನ್ನೊಂದು ಗಾಡಿಯ ಕೆಡದ ಫಲಕದಿಂದ ಅಚ್ಚು ತೆಗೆದು ಹೊಸದನ್ನು ಎರೆಯಬಹುದು. ಬಸ್ಸಿನ ಬಾಡಿ ಕಟ್ಟುವ ವಿದ್ಯೆ ಈ ಜಿಲ್ಲೆಗೆ ಅಪರಿಚಿತವಲ್ಲ. ಟಾಟಾ ಮೋಟರ್ಸ್ ಮತ್ತು ಬ್ರೆಜಿಲ್ಲಿನ ಮಾರ್ಕೊಪೋಲೊ ಕಂಪನಿಗಳ ಜಂಟಿ ಉದ್ಯಮ ಧಾರವಾಡದಲ್ಲಿ ಬಸ್ ತಯಾರಿಕೆಯ ಕಾರ್ಖಾನೆ ತೆರೆಯಿತು. ಮಾರ್ಕೊಪೋಲೊ ಹೊರಹೋದ ಮೇಲೆ ಅದು ಪೂರ್ತಿ ಟಾಟಾ ಸಂಸ್ಥೆಯದಾಯಿತು. ವಾಯವ್ಯ ಸಾರಿಗೆ ಸಂಸ್ಥೆ 1997ರಿಂದ ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡು ತನ್ನ ಬಸ್ಸುಗಳನ್ನು ನೋಡಿಕೊಳ್ಳುತ್ತಿದೆ. ಇಂಥ ಪರಿಸರದಲ್ಲಿ ಪಳಗಿದ ಕೈಗಳಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಬರಗಾಲವಿರುವುದು ತೂಕ, ಅಳತೆ, ಬಿಲ್ಲುಗಳ ಶಿಸ್ತಿಗೆ.

ಬಿಲ್ಲು ಮತ್ತು ತೆರಿಗೆ

ಗ್ಯಾರೇಜಿನಲ್ಲಿ ಕೇಳಿದ ಪ್ರಶ್ನೆಯನ್ನೇ ತೆರಿಗೆ ಅಧಿಕಾರಿಯೂ ಕೇಳುತ್ತಾನೆ: ಇದ್ದುದನ್ನು ಮೊದಲಿನಂತೆ ಮಾಡಿದಿರೋ, ಹೊಸದೊಂದನ್ನು ತಂದಿರೋ? 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮು ಚಾಲ್ತಿ ದುರಸ್ತಿಯ ಖರ್ಚನ್ನು ಆ ವರ್ಷದ ಲಾಭದಿಂದಲೇ ಕಳೆಯಲು ಅವಕಾಶ ಕೊಟ್ಟಿತು; ಬಂಡವಾಳ ಸ್ವರೂಪದ ಖರ್ಚು ಇದರಲ್ಲಿ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಕಾಯ್ದೆ ಸೇರಿಸಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಬಂದಿದ್ದು, ಕಲಮಿನ ಅಂಕಿ ಬದಲಾದರೂ ಈ ಭೇದ ಉಳಿದಿದೆ.

ಚಾಲ್ತಿ ದುರಸ್ತಿ ಎಂದರೇನು ಎಂಬುದಕ್ಕೆ ಬಾಂಬೆ ಉಚ್ಚ ನ್ಯಾಯಾಲಯ 1956ರಲ್ಲಿ ನ್ಯೂ ಶೋರಕ್ ಗಿರಣಿಯ ಪ್ರಕರಣದಲ್ಲಿ ಕೊಟ್ಟ ಒರೆಗಲ್ಲು ಇಂದಿಗೂ ಬಳಕೆಯಲ್ಲಿದೆ. ಈಗಾಗಲೇ ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ಖರ್ಚು ದುರಸ್ತಿ. ಹೊಸ ಆಸ್ತಿಯನ್ನು ಅಥವಾ ಹೊಸ ಪ್ರಯೋಜನವನ್ನು ತರುವ ಖರ್ಚು ದುರಸ್ತಿಯಲ್ಲ. ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಬಳ್ಳಿಮಲ್ ನವಲ ಕಿಶೋರ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅಲ್ಲಿ ಚಿತ್ರಮಂದಿರವೊಂದನ್ನು ಯಂತ್ರ, ಪೀಠೋಪಕರಣ, ವೈರಿಂಗ್ ಸಮೇತ ಪೂರ್ತಿ ನವೀಕರಿಸಲಾಗಿತ್ತು. ಅದು ಚಾಲ್ತಿ ದುರಸ್ತಿಯೆನಿಸಲಿಲ್ಲ. ಈ ಒರೆಗಲ್ಲಿಗೆ ಹಚ್ಚಿದರೆ ಬಿರುಕು ಬಿಟ್ಟ ಫಲಕಕ್ಕೆ ನಾರು ತುಂಬಿಸಿದ್ದು, ಕೊಳೆತ ಪ್ಲೈವುಡ್ ಬದಲಿಸಿದ್ದು, ಒಡೆದ ಒಂದು ಮೂಲೆಗೆ ಅಂಥದೇ ಮೂಲೆ ಹಾಕಿಸಿದ್ದು ಆ ವರ್ಷದ ಖರ್ಚು. ಅದೇ ನೆಪದಲ್ಲಿ ಇಡೀ ಬಾಡಿ ಕಿತ್ತು ಹೊಸದು ಕಟ್ಟಿಸಿದ್ದು, ಇಲ್ಲದ ಹವಾನಿಯಂತ್ರಣ ಕೂರಿಸಿದ್ದು ಬಂಡವಾಳ ಖರ್ಚು. ಅದರ ಮೇಲೆ ವರ್ಷವರ್ಷ ಸವಕಳಿ ಮಾತ್ರ ಸಿಗುತ್ತದೆ. ಬಾಡಿಗೆಯ ಉದ್ಯೋಗದಲ್ಲಿ ಓಡುವ ಬಸ್ಸು, ಲಾರಿ, ಟ್ಯಾಕ್ಸಿಗಳಿಗೆ ಶೇಕಡಾ 30ರ ದರ, ಇತರ ವಾಹನಗಳಿಗೆ ಸಾಮಾನ್ಯವಾಗಿ ಶೇಕಡಾ 15. ಎರಡು ಬಗೆಯ ಕೆಲಸಗಳನ್ನೂ ಒಂದೇ ಬಾರಿ ಮಾಡಿಸಿದರೆ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸುವುದು ಕ್ಷೇಮ. ‘ಬಾಡಿ ಕೆಲಸ, ಒಟ್ಟು’ ಎಂದು ಒಂದೇ ಸಾಲಿನ ಬಿಲ್ಲು ತಂದವನು ದುರಸ್ತಿಯ ಭಾಗವನ್ನು ಸಾಬೀತು ಮಾಡಲಾರದೆ ಪೂರ್ತಿ ಮೊತ್ತವನ್ನು ಕಳೆದುಕೊಳ್ಳುವ ಸಂಭವವಿದೆ. ಒಬ್ಬರಿಗೆ ಒಂದು ದಿನಕ್ಕೆ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಒಪ್ಪಿತವಾಗದು ಎಂಬುದು ಸದಸ್ಯರಿಗೆ ತಿಳಿದದ್ದೇ, ಆದರೂ ಗ್ಯಾರೇಜಿನ ಮುಂದೆ ನಿಂತಾಗ ಮರೆತುಹೋಗುತ್ತದೆ.

ಜಿಎಸ್‌ಟಿಯ ವಿಷಯ ಸ್ವಲ್ಪ ಕಹಿ. ವಾಹನ ದುರಸ್ತಿಯ ಮೇಲೆ ಶೇಕಡಾ 18 ತೆರಿಗೆ. ಮೇಲಿನ 38,000 ರೂ. ಕೆಲಸಕ್ಕೆ 6,840 ರೂ. ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರಯಾಣಿಕ ವಾಹನದ ದುರಸ್ತಿಗೆ ಕೊಟ್ಟ ತೆರಿಗೆಯನ್ನು ಸಾಮಾನ್ಯ ವ್ಯಾಪಾರಿ ಹೂಡುವಳಿ ತೆರಿಗೆಯಾಗಿ ಜಮೆ ಪಡೆಯುವಂತಿಲ್ಲ. ಕ್ಯಾರವಾನುಗಳಲ್ಲಿ ಆಸನಗಳು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಪ್ರಯಾಣಿಕರನ್ನು ಸಾಗಿಸುವುದೇ ಉದ್ಯೋಗವಾಗಿದ್ದರೆ ಜಮೆಗೆ ಅವಕಾಶವುಂಟು. ಆದರೆ ಶೇಕಡಾ 5ರ ರಿಯಾಯಿತಿ ದರ ಆರಿಸಿಕೊಂಡವರಿಗೆ ದುರಸ್ತಿಯ ಜಮೆ ದೊರೆಯದು. ದೊರೆಯದಿದ್ದಾಗ ಆ 6,840 ರೂ. ಕೂಡ ದುರಸ್ತಿಯ ಖರ್ಚಿಗೇ ಸೇರುತ್ತದೆ. ಸರಕು ಸಾಗಣೆಯ ಲಾರಿ, ಟೆಂಪೊಗಳಿಗೆ ಈ ತಡೆಯಿಲ್ಲ. ಬಾಡಿ ಕಟ್ಟುವವರು 2018ರ ಆಗಸ್ಟ್ ತಿಂಗಳ ಸುತ್ತೋಲೆಯನ್ನು ನೆನಪಿಡಬೇಕು: ಗಿರಾಕಿಯ ಚಾಸಿಯ ಮೇಲೆ ಬಾಡಿ ಕಟ್ಟಿ ಕೂಲಿ ಪಡೆದರೆ ಅದು ಸೇವೆ; ತಮ್ಮದೇ ಚಾಸಿಯ ಮೇಲೆ ಕಟ್ಟಿ ಮಾರಿದರೆ ಅದು ಬಸ್ಸಿನ ಮಾರಾಟ.

ವಿಮೆಯ ಲೆಕ್ಕದಲ್ಲಿ ಫೈಬರೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆ ಮತ್ತೆ ಎದ್ದುಬರುತ್ತದೆ. ಮೋಟಾರು ಪಾಲಿಸಿಯ ಪ್ರಮಾಣಿತ ಷರತ್ತಿನ ಪ್ರಕಾರ ಬದಲಿಸಿದ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇಕಡಾ 50, ಫೈಬರ್‌ಗ್ಲಾಸ್ ಭಾಗಗಳ ಬೆಲೆಯಲ್ಲಿ ಶೇಕಡಾ 30 ಸವಕಳಿ ಕಳೆಯುತ್ತಾರೆ. ಅಪಘಾತದಲ್ಲಿ ಒಡೆದ 40,000 ರೂ.ಗಳ ಫೈಬರ್‌ಗ್ಲಾಸ್ ಮುಖವನ್ನು ಗ್ಯಾರೇಜಿನವನು ಅಜಾಗರೂಕತೆಯಿಂದ ಪ್ಲಾಸ್ಟಿಕ್ ಎಂದು ಬರೆದರೆ ಮಾಲೀಕನ ಕೈಯಿಂದ 12,000ದ ಬದಲು 20,000 ರೂ. ಹೋಗುತ್ತದೆ. ಬಣ್ಣದ ಸಾಮಾನಿಗೂ ಶೇಕಡಾ 50ರ ಕಡಿತವಿದೆ. ಸಾಮಾನು, ಕೂಲಿಗಳನ್ನು ಬಿಡಿಸಿ ಬರೆಯದಿದ್ದರೆ ಬಣ್ಣದ ಒಟ್ಟು ಬಿಲ್ಲಿನ ಕಾಲುಭಾಗವನ್ನು ಸಾಮಾನೆಂದು ಹಿಡಿಯುತ್ತಾರೆ. ಸವೆದು ತಾನಾಗಿ ಬಂದ ಬಿರುಕಿಗೆ ವಿಮೆಯೇ ಅನ್ವಯಿಸುವುದಿಲ್ಲ. ಅದನ್ನು ಅಪಘಾತವೆಂದು ತೋರಿಸುವ ಜಾಣತನ ಸರ್ವೇಯರರ ಕಣ್ಣಿಗೆ ಬೀಳದೆ ಇರುವುದು ಅಪರೂಪ. ಬಿದ್ದಾಗ ನಿಜವಾದ ಕ್ಲೇಮೂ ಮುಳುಗುತ್ತದೆ.

ಸಾರಿಗೆ ಕಚೇರಿಯ ಒರೆಗಲ್ಲು ಕೂಡ ಇದೇ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಬಿರುಕು ಸರಿಪಡಿಸುವುದು ಮಾರ್ಪಾಡಲ್ಲ. ಬಿರುಕು ಬಿಟ್ಟ ಕಿಟಕಿಯ ಮೂಲೆಯ ನೆಪದಲ್ಲಿ ಕಿಟಕಿಯನ್ನೇ ದೊಡ್ಡದು ಮಾಡುವುದು, ಛಾವಣಿ ಏರಿಸುವುದು, ಆಸನ ತೆಗೆದು ಮಂಚ ಹಾಕುವುದು ಮಾರ್ಪಾಡು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕಾಗಿರುವುದರಿಂದ ಈ ಭೇದ ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತದೆ. ಕೆಲಸಕ್ಕೆ ಮುನ್ನ, ಹೊದಿಕೆ ಬಿಚ್ಚಿದಾಗ, ಕೆಲಸ ಮುಗಿದ ಮೇಲೆ ತೆಗೆದ ದಿನಾಂಕಸಹಿತ ಮೂರು ಛಾಯಾಚಿತ್ರಗಳು ತೆರಿಗೆ, ವಿಮೆ, ಸಾರಿಗೆ ಮೂರು ಕಚೇರಿಗಳಿಗೂ ಸಾಕ್ಷಿಯಾಗುತ್ತವೆ. ಅವನ್ನು ಬಿಲ್ಲಿನ ಜೊತೆಗೆ ಒಂದೇ ಫೈಲಿನಲ್ಲಿ ಇಡಬೇಕು.

ಇನ್ನು ಕಾಲದ ಮಾತು. ಈ ಸೀಮೆಯಲ್ಲಿ ಫೈಬರ್‌ಗ್ಲಾಸ್ ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ತಿಂಗಳುಗಳು ಅನುಕೂಲ. ಗಾಳಿಯಲ್ಲಿ ತೇವವಿಲ್ಲ, ಬಿಸಿಲು ಇನ್ನೂ ನೆತ್ತಿಗೇರಿಲ್ಲ. ಆದರೆ ಮದುವೆ, ಜಾತ್ರೆಗಳ ಬಾಡಿಗೆ ಆಗಲೇ ಶುರುವಾಗುವುದರಿಂದ ಮಾಲೀಕರು ಗಾಡಿ ಬಿಡುವುದಿಲ್ಲ, ಮಳೆ ಹಿಡಿದ ಮೇಲೆ ತರುತ್ತಾರೆ. ಮಾರ್ಚ್ ತಿಂಗಳಲ್ಲಿ ಬಿಟ್ಟವರು ಇನ್ನೊಂದನ್ನು ಗಮನಿಸತಕ್ಕದ್ದು: ಕೆಲಸ ಪೂರ್ತಿಯಾಗಿ ಬಿಲ್ಲು ಮಾರ್ಚ್ 31ರೊಳಗೆ ಬಂದರೆ ಖರ್ಚು ಆ ವರ್ಷದ್ದು. ಗಾಡಿ ಏಪ್ರಿಲ್ ಮೊದಲ ವಾರದವರೆಗೂ ಗ್ಯಾರೇಜಿನಲ್ಲಿಯೇ ಇದ್ದು, ಬಿಲ್ಲಿಗೆ ಮಾತ್ರ ಮಾರ್ಚ್ ತಿಂಗಳ ತಾರೀಖು ಹಾಕಿಸಿಕೊಂಡರೆ, ಮೂರನೆಯ ಛಾಯಾಚಿತ್ರದ ದಿನಾಂಕವೇ ಅದನ್ನು ಹೇಳಿಬಿಡುತ್ತದೆ.